ಹಾಜರಿ ಹೇಳಿದ ದನಿ

"ನೋಡಿದೆ ಅಂದ್ನಲ್ಲ ಸಾರ್. ಕೊನೇ ಸಾಲಿನಲ್ಲಿ, ಕಿಟಕಿ ಪಕ್ಕ ಕೂತಿದ್ಲು. ತಲೆ ಬಗ್ಗಿಸ್ಕೊಂಡು ಬರೀತಿದ್ಲು. ಇನ್ನೆಷ್ಟು ಸಲ ಹೇಳ್ಲಿ?"

ವಿಮಲಕುಮಾರ ಹಾಗೆಂದು, ತೊಳೆದ ಗಾಜಿನ ಪ್ರನಾಳವನ್ನು ಮರದ ಸ್ಟ್ಯಾಂಡಿಗೆ ಸಿಕ್ಕಿಸಿದ. ಅದು ತೂತಿನೊಳಕ್ಕೆ ಇಳಿಯಲಿಲ್ಲ. ಎರಡನೆಯ ಸಲ ಸಿಕ್ಕಿಸಿದ.

ಹೊಳೆನರಸೀಪುರದ ಆ ಹೈಸ್ಕೂಲಿನಲ್ಲಿ ಕೊನೆಯ ಗಂಟೆ ಹೊಡೆದು ಅರ್ಧ ತಾಸಾಗಿತ್ತು. ವಿಜ್ಞಾನದ ಕೊಠಡಿಯಲ್ಲಿ ನಾವು ಮೂವರೇ. ಹುಡುಗರು ಕೂರುವ ಎತ್ತರದ ಸ್ಟೂಲಿನ ಮೇಲೆ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್ ನಂಜಪ್ಪನವರು ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಸಿಪ್ಪೆಯನ್ನು ನೆಲಕ್ಕೆ ಹಾಕದೆ ತಮ್ಮ ಕೋಟಿನ ಜೇಬಿಗೇ ಹಾಕಿಕೊಳ್ಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೂರಲು ಮನಸ್ಸಾಗಲಿಲ್ಲ.

ಐದು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ ಹೊಳೆ ತುಂಬಿದ್ದಾಗ, ಇದೇ ಊರಿನ ಹೊಳೆಯ ಸೋಪಾನದ ಮೇಲೆ ನನ್ನ ವಿದ್ಯಾರ್ಥಿನಿ ತ್ರಿಶಲಾಳ ಚಪ್ಪಲಿಯೂ ಕನ್ನಡಕವೂ ಸಿಕ್ಕಿದ್ದವು. ದೇಹ ಸಿಕ್ಕಿರಲಿಲ್ಲ. ಈಗ ಅವಳ ಹೆಸರಿನ ಅಂಕಪಟ್ಟಿ ಅಮೆರಿಕದಿಂದ ಬಂದಿತ್ತು, ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವೇಶ ಪರೀಕ್ಷೆಯದು.

ವಿಮಲಕುಮಾರ ಈ ಶಾಲೆಯ ವಿಜ್ಞಾನದ ಮೇಷ್ಟ್ರು, ಅವಳಿಗೆ ನಿಶ್ಚಯವಾಗಿದ್ದ ವರ. ಅವನೂ ಅದೇ ದಿನ ಅದೇ ಹಾಲಿನಲ್ಲಿ ಪರೀಕ್ಷೆಗೆ ಕೂತಿದ್ದ. ಅಂಕಪಟ್ಟಿ ಬಂದ ಮೂರನೆಯ ದಿನ ತಾನೇ ಠಾಣೆಗೆ ಹೋಗಿ, ಅವಳನ್ನು ಅಲ್ಲಿ ಕಣ್ಣಾರೆ ಕಂಡೆನೆಂದು ಬರೆದುಕೊಟ್ಟ. ಹುಡುಗಿ ಮದುವೆ ಬೇಡವಾಗಿ ಮನೆ ಬಿಟ್ಟಿದ್ದಾಳೆ, ಬದುಕಿದ್ದಾಳೆ ಎಂದು ಪೊಲೀಸರು ತೀರ್ಮಾನಿಸಿದರು. ಸೋಮವಾರ ಫೈಲು ಮುಚ್ಚುವುದಿತ್ತು. ಇವತ್ತು ಶುಕ್ರವಾರ.

ಅವನು ಬರೆದುಕೊಟ್ಟದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಹೇಗೆ ಗೊತ್ತೆಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ, ಸಹಾಯಕ್ಕೆಂದು ನಾನೇ ಕರೆತಂದಿದ್ದ ನಂಜಪ್ಪನವರಿಗೂ.

"ಇಷ್ಟೇ ತಾನೆ?" ಎಂದು ವಿಮಲಕುಮಾರ ಕಿಟಕಿಯಾಚೆ ನೋಡಿದ. "ಹೊತ್ತು ಇಳೀತಿದೆ ಸಾರ್. ನಾವು ಜೈನರು, ಗೊತ್ತಲ್ಲ, ಸೂರ್ಯ ಮುಳುಗೋ ಮುಂಚೆ ಊಟ ಆಗ್ಬೇಕು. ಮಿಸ್‌ಗೂ ಅಷ್ಟೇ."

"ಇನ್ನೂ ಒಂದ್ ಮಾರು ಮೇಲವ್ನೆ ಸೂರ್ಯ," ಎಂದರು ನಂಜಪ್ಪನವರು. "ನಿಮ್ಮನ್ನ ಉಪಾಸ ಕೆಡವಾಕಿಲ್ಲ. ಕೂತ್ಕಳಿ."

ಅವನು ಕೂರಲಿಲ್ಲ. ಇನ್ನೊಂದು ಪ್ರನಾಳ ತೆಗೆದುಕೊಂಡ. ಅದು ಆಗಲೇ ತೊಳೆದದ್ದು.

ಬೆಳಿಗ್ಗೆ ಹಾಸನದಿಂದ ರೈಲಿನಲ್ಲಿ ಬರುವಾಗ ನಂಜಪ್ಪನವರು ಹೆಚ್ಚು ಮಾತಾಡಿರಲಿಲ್ಲ. ಬೂವನಹಳ್ಳಿಯ ತಮ್ಮ ಹೊಲ, ಈ ಸಲದ ರಾಗಿ, ಕಾಲುನೋವು, ಇಷ್ಟೇ. ಮರಳಿ ಹೋಗುವ ಗಾಡಿಯ ಹೊತ್ತನ್ನು ನಾನು ಗುರುತು ಹಾಕಿಕೊಳ್ಳಲು ಪೆನ್ಸಿಲು ತೆಗೆದಾಗ ಅದನ್ನು ದಿಟ್ಟಿಸಿದರು. ಎರಡು ತುದಿಯಲ್ಲೂ ಚೂಪು ಮಾಡಿದ ಪೆನ್ಸಿಲು ಅದು.

ತ್ರಿಶಲಾಳ ಅಭ್ಯಾಸ ಎಂದು ಹೇಳಿದೆ. ಆ ಪರೀಕ್ಷೆಯಲ್ಲಿ ಉತ್ತರ ಬರೆಯುವುದಿಲ್ಲ, ಐದು ಉತ್ತರಗಳಲ್ಲಿ ಸರಿಯಾದದ್ದರ ಎದುರಿನ ಪುಟ್ಟ ಗೆರೆಯನ್ನು ಪೆನ್ಸಿಲಿನಿಂದ ಕಪ್ಪು ಮಾಡಬೇಕು. ಒಂದೊಂದು ಭಾಗಕ್ಕೂ ಇಷ್ಟೇ ನಿಮಿಷವೆಂದು ಕಟ್ಟುನಿಟ್ಟು. ಮೊನೆ ಮುರಿದರೆ ಕೆತ್ತಿಕೊಳ್ಳಲು ಹೊತ್ತಿಲ್ಲ. ಅದಕ್ಕೇ ಅವಳು ಬ್ಲೇಡು ಹಿಡಿದು ಎರಡೂ ಕಡೆ ಮೊನೆ ಮಾಡಿಕೊಳ್ಳುತ್ತಿದ್ದಳು.

"ನಿಮ್ತಾವ ಉಳ್ಕಂಡೈತೆ," ಎಂದರು.

ಹೌದೆಂದೆ.

ಸ್ವಲ್ಪ ಹೊತ್ತಾದ ಮೇಲೆ, ಹೊರಗೆ ನೋಡುತ್ತಲೇ, "ಅಮ್ಮಾವ್ರು ಓದಿದ್ದು ಯಾವ ಇಸ್ಕೂಲು? ಚಿಕ್ಕೋರಿದ್ದಾಗ?" ಎಂದು ಕೇಳಿದರು. ಅರಕಲಗೂಡು ಎಂದೆ. ನಮ್ಮ ತಂದೆಗೆ ಅಲ್ಲಿ ಬಟ್ಟೆಯಂಗಡಿಯಿತ್ತು. ಅವರು "ಅಂಗೋ" ಎಂದು ಸುಮ್ಮನಾದರು. ನಾನು ಆ ಪ್ರಶ್ನೆಯನ್ನು ಮರೆತೆ. ನಾನು ಯಾವುದನ್ನೂ ಅಷ್ಟು ಬೇಗ ಮರೆಯುವವಳಲ್ಲ.

ಈಗ ಅವರು ಕೈ ಝಾಡಿಸಿಕೊಂಡು, ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು.

ಅಂಕಪಟ್ಟಿ. ಅಂಚಿನಲ್ಲಿ ಅರಿಸಿನದ ಬೆರಳಗುರುತು. ಚನ್ನರಾಯಪಟ್ಟಣದ ಮನೆಯಲ್ಲಿ ತ್ರಿಶಲಾಳ ತಾಯಿ ಮರುದೇವಮ್ಮ ಅದನ್ನು ಪದ್ಮಾವತಿಯ ಪಟದ ಕೆಳಗೆ ಇಟ್ಟಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಗಳ ಹೆಸರು ಎಲ್ಲಿದೆಯೆಂದು ನನ್ನಿಂದ ತೋರಿಸಿಕೊಂಡು, ಅದರ ಮೇಲೆ ಬೆರಳಾಡಿಸಿದ್ದರು. ಅವತ್ತಿನಿಂದ ಆ ಮನೆಯಲ್ಲಿ ಸಂಜೆಯ ಊಟಕ್ಕೆ ಒಂದು ತಟ್ಟೆ ಹೆಚ್ಚು ಇಡುತ್ತಾರೆ. ಹೊತ್ತು ಮುಳುಗಿದ ಮೇಲೆ ಅದನ್ನು ಹಾಗೇ ಎತ್ತಿ ಹಸುವಿಗೆ ಹಾಕುತ್ತಾರೆ.

ಈ ಕಾಗದ ಸುಳ್ಳಾದರೆ ಆ ತಟ್ಟೆಯೂ ಇರುವುದಿಲ್ಲ. ಇದು ನಿಜವೆಂದು ಉಳಿದರೆ, ಹೊಳೆಯ ಹತ್ತಿರ ಏನಾಯಿತೆಂಬುದು ಯಾವತ್ತೂ ಹೊರಗೆ ಬರುವುದಿಲ್ಲ. ಮೂರು ವಾರದಿಂದ ಇವೆರಡರ ನಡುವೆ ನಿಂತು ನನಗೆ ನಿದ್ದೆ ಹೋಗಿತ್ತು. ತರಗತಿಯಲ್ಲಿ ಹಾಜರಿ ತೆಗೆಯುವಾಗ ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಯಾರೋ ಉಸಿರು ಎಳೆದುಕೊಂಡಂತೆ ಕೇಳುತ್ತಿತ್ತು. ತಲೆಯೆತ್ತಿದರೆ ಹುಡುಗಿಯರು ನನ್ನನ್ನೇ ನೋಡುತ್ತಿರುತ್ತಿದ್ದರು.

"ಪರೀಕ್ಷೆ ಎಲ್ಡು ಭಾಗ ಅಲ್ವ್ರಾ?" ಎಂದರು ನಂಜಪ್ಪನವರು. "ನೀವು ಒಂದೇ ಬರ್ದಿರೋದು. ಮದ್ಲುನೇ ಗಂಟೆಗೇ ಎದ್ದು ಒಂಟೋಗ್ಬುಟ್ರಿ. ಅಲ್ಲಿ ಆಜರಿ ಪುಸ್ತಕದಾಗೆ ಐತೆ."

ಹೊಟ್ಟೆನೋವು ಬಂದಿತ್ತೆಂದು ವಿಮಲಕುಮಾರ ಹೇಳಿದ. ಬಸ್ಸಿನಲ್ಲಿ ಏನೋ ತಿಂದದ್ದು ಸೇರಲಿಲ್ಲವಂತೆ.

"ವರ್ಷಗಟ್ಲೆ ಓದಿ, ಅಷ್ಟ್ ದೂರ ಓಗಿ."

"ನೋವು ಬಂದ್ರೆ ಏನ್ಮಾಡೋದು?"

"ಅದೂ ಸರಿ." ನಂಜಪ್ಪನವರು ತಲೆಯಾಡಿಸಿದರು. ಆಮೇಲೆ ನಿಧಾನವಾಗಿ, ಹೊಲದ ಬದುವಿನ ಮೇಲೆ ಕೂತು ಮಾತಾಡುವವರಂತೆ ಹೇಳಿದರು. "ನನ್ ಮಗಳು ಮೂರು ತಿಂಗ್ಳಿಂದ ಕಾಣೆಯಾಗವ್ಳೆ ಅಂತ ಇಟ್ಕಳಿ. ಒಳೆ ತಾವ ಚಪ್ಲಿ ಸಿಕ್ಕೈತೆ. ಒಂದಿನ ನೋಡ್ತೀನಿ, ಅದೇ ರೂಮ್ನಾಗೆ ಕೂತವ್ಳೆ. ನಾನೇನ್ ಮಾಡ್ತೀನಿ? ಪರೀಕ್ಷೆ ಮನೆ ಆಳಾಗೋಗ್ಲಿ ಅಂತ ಓಡೋಗಿ ಕೈ ಇಡ್ಕತೀನಿ. ನೀವೂ ಓಡುದ್ರಿ ಮೇಷ್ಟ್ರೇ. ಬಾಗ್ಲು ಕಡೀಕೆ ಓಡುದ್ರಿ."

ವಿಮಲಕುಮಾರ ಮರದ ಸ್ಟ್ಯಾಂಡನ್ನು ಗೋಡೆಯ ಕಡೆ ಸರಿಸಿದ.

"ಬದುಕವ್ಳೆ ಅಂತ ಆಸೆ ಇಟ್ಕಂಡೋನು ಅಂಗೆ ಎದ್ರುಕಳಾಕಿಲ್ಲ. ಸತ್ತವ್ಳೆ ಅಂತ ಗೊತ್ತಿರೋನು ಎದ್ರುಕತಾನೆ. ಅದು ನಿಮಗೆಂಗ್ ಗೊತ್ತಾಯ್ತು?"

ಹೊರಗೆ ಜವಾನ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬರುವ ಸದ್ದು ಕೇಳಿಸುತ್ತಿತ್ತು. ವಿಮಲಕುಮಾರ ಪ್ರನಾಳವನ್ನು ಕೆಳಗಿಟ್ಟ. ಅವನ ಮುಖ ಬಿಳುಪೇರಿತ್ತು, ಆದರೆ ಮಾತು ಆಡಿದಾಗ ದನಿ ಗಟ್ಟಿಯಾಗಿಯೇ ಇತ್ತು. ಅವನು ಬುದ್ಧಿವಂತ. ನನ್ನ ತ್ರಿಶಲಾಗಿಂತ ಒಂದು ಗುಲಗಂಜಿ ಕಡಿಮೆ, ಅಷ್ಟೇ. ಆ ಗುಲಗಂಜಿ ಅವನನ್ನು ಎಷ್ಟು ಸುಡುತ್ತಿತ್ತೆಂದು ನಾನು ಬಲ್ಲೆ.

"ನಿಮ್ಮ ಲೆಕ್ಕಾಚಾರ ಚೆನ್ನಾಗಿದೆ," ಎಂದ. "ಆದ್ರೆ ಈ ಕಾಗದ ಏನ್ಮಾಡ್ತೀರಿ? ಸತ್ತವಳು ಬೆಂಗಳೂರಿಗೆ ಬಂದು ಹಾಜರಿ ಹೇಳಿ ಪರೀಕ್ಷೆ ಬರೀತಾಳಾ? ಬೇರೆ ಯಾರೋ ಬರೆದ್ರು ಅಂತೀರಾ? ಹಾಗಾದ್ರೆ ಅವರನ್ನ ಕರ್ಕೊಂಡ್ಬನ್ನಿ. ಅವರು ನಿಮ್ಮೆದುರು ನಿಂತು ನಾನೇ ಬರೆದೆ ಅನ್ಲಿ. ಅಲ್ಲೀವರ್ಗೂ ತ್ರಿಶಲಾ ಬದುಕಿದ್ದಾಳೆ."

ಹಾಗೆನ್ನುವಾಗ ಅವನು ನಂಜಪ್ಪನವರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ.

"ಕರುಸಾನ," ಎಂದರು ನಂಜಪ್ಪನವರು.

ಅಂಕಪಟ್ಟಿಯ ಮೇಲುಭಾಗದಲ್ಲಿ ಬೆರಳಿಟ್ಟರು. ಹೆಸರಿನ ಕೆಳಗೆ ಹುಟ್ಟಿದ ದಿನಾಂಕ. ಪರೀಕ್ಷೆಯ ದಿನ ಉತ್ತರದ ಹಾಳೆಯ ಮೇಲೆ ಅಭ್ಯರ್ಥಿಯೇ ತುಂಬಿದ್ದನ್ನು ಅವರು ಹಾಗೇ ಅಚ್ಚು ಮಾಡಿ ಕಳಿಸುತ್ತಾರೆ. ಸಾವಿರದ ಒಂಬೈನೂರ ನಲವತ್ತಮೂರು, ಅಕ್ಟೋಬರ್ ಎರಡು.

"ಉಡುಗಿ ಸರ್ಟಿಫಿಕೇಟ್ನಾಗೆ ಜೂನ್ ಅದಿನಾಲ್ಕು ಅಂತೈತೆ. ಮರುದೇವಮ್ಮಾರ್ನ ಜಾತ್ಕ ಕೇಳ್ದೆ, ಅದ್ರಾಗೆ ಕಾರ್ತೀಕ ಮಾಸ. ಇದು ಎಲ್ಡೂ ಅಲ್ಲ. ಇಸವಿ ಸರಿಯಾಗೈತೆ, ತಾರೀಕು ಬ್ಯಾರೆ. ಯಾಕಿದ್ದಾತು?"

ನನ್ನ ಕೈ ಬಾಗಿಲ ಚೌಕಟ್ಟಿಗೆ ತಗುಲಿತು. ಹಿಡಿದುಕೊಂಡೆ.

ನಮ್ಮ ಕಡೆ ಯಾರ ಹುಟ್ಟಿದ ದಿನವೂ ಶಾಲೆಯ ಪುಸ್ತಕದಲ್ಲಿ ಸರಿಯಾಗಿರುವುದಿಲ್ಲ. ಮಗುವನ್ನು ಸೇರಿಸಲು ಕರೆತಂದವರು ಹಬ್ಬವನ್ನೋ ಬರಗಾಲವನ್ನೋ ಹೇಳುತ್ತಾರೆ. ಮೇಷ್ಟ್ರು ಮಗುವಿನ ಕೈ ತಲೆಯ ಮೇಲಿಂದ ಆ ಕಡೆಯ ಕಿವಿ ಮುಟ್ಟುತ್ತದೆಯೇ ನೋಡಿ, ಇಸವಿ ಅಂದಾಜು ಮಾಡಿ, ತಮಗೆ ತೋಚಿದ ತಾರೀಕು ಬರೆಯುತ್ತಾರೆ. ಆಮೇಲೆ ಜೀವನಪೂರ್ತಿ ಅದೇ ನಮ್ಮ ತಾರೀಕು. ಯಾವ ಫಾರಂ ಕೊಟ್ಟರೂ ಕೈ ತಾನಾಗಿ ಅದನ್ನೇ ಬರೆಯುತ್ತದೆ.

ನಂಜಪ್ಪನವರು ರೈಲಿನಲ್ಲಿ ನನ್ನನ್ನು ಕೇಳುವ ಮೊದಲೇ, ಕಳೆದ ಸೋಮವಾರ, ಅರಕಲಗೂಡಿಗೆ ಹೋಗಿದ್ದರಂತೆ. ಅಲ್ಲಿ ಹಿಂದೆ ಪಾಲಾಕ್ಷಯ್ಯ ಎಂಬ ಮೇಷ್ಟ್ರಿದ್ದರು. ಮಹಾರಾಜರ ಸರ್ಕಾರದ ಸಂಬಳ, ಒಳಗೊಳಗೇ ಗಾಂಧಿಯ ಭಕ್ತಿ. ಬಹಿರಂಗವಾಗಿ ಏನೂ ಮಾಡಲಾರದೆ, ತಮ್ಮ ಶಾಲೆಗೆ ಸೇರಿದ ಹೆಣ್ಣುಮಕ್ಕಳಿಗೆಲ್ಲ ಅಕ್ಟೋಬರ್ ಎರಡನೆಯ ತಾರೀಕನ್ನೇ ಬರೆದರು. ಹದಿನಾರು ವರ್ಷ ಶಾಲೆ ತಪಾಸಣೆಗೆ ಬಂದ ಯಾವ ಇನ್ಸ್‌ಪೆಕ್ಟರೂ ಅದನ್ನು ಗಮನಿಸಲಿಲ್ಲ.

"ಅಷ್ಟೂ ಎಣ್ಣುಮಕ್ಳಿಗೆ ಒಂದೇ ದಿನ," ಎಂದರು ನಂಜಪ್ಪನವರು. "ಅದ್ರಾಗೆ ಕಾಲೇಜ್ ಮೆಟ್ಲು ಅತ್ತಿದೋರು ಬೆರಳೆಣಿಕೆ. ಅಮೆರಿಕದ ಲೆಕ್ಕ ಬಿಡ್ಸೋವಂತೋರು..." ಅಲ್ಲಿಗೆ ನಿಲ್ಲಿಸಿದರು. ನನ್ನ ಕಡೆ ತಿರುಗಲಿಲ್ಲ. ಇನ್ನೊಂದು ಕಡಲೆಕಾಯಿ ತೆಗೆದು, ಸುಲಿಯದೆ ಹಿಡಿದುಕೊಂಡು ಕೂತರು.

ಅವರು ನನ್ನ ಹೆಸರು ಹೇಳಬಹುದಿತ್ತು. ಅದನ್ನು ನನಗೇ ಬಿಟ್ಟರು. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹಾಸ್ಟೆಲ್ಲಿನ ವಾರ್ಡನ್ನಿನ ಕೋಣೆ ಹೋಗುತ್ತದೆ. ಜೈಲೂ ಆದೀತು. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಅರಿಸಿನ ಹತ್ತಿದ ಒಂದು ಬೆರಳು ಮಾತ್ರ.

"ನಾನು ಬರೆದೆ," ಎಂದೆ.

ಹಾಲ್ ಟಿಕೆಟ್ಟು ನವೆಂಬರಿನಲ್ಲಿ ನನ್ನ ವಿಳಾಸಕ್ಕೇ ಬಂದಿತ್ತು. ಅವಳ ತಂದೆ ಜಿನ್ನಪ್ಪನವರಿಗೆ ತಿಳಿಯಬಾರದೆಂದು ನಾನೇ ಹಾಗೆ ಏರ್ಪಾಡು ಮಾಡಿದ್ದೆ. ಪರೀಕ್ಷೆಯ ದಿನ ಹಾಳೆಯ ಮೇಲೆ ಮಾತ್ರ ಅವಳ ಮನೆಯ ವಿಳಾಸ ತುಂಬಿದೆ, ಅಂಕಪಟ್ಟಿ ಅಲ್ಲಿಗೆ ಹೋಯಿತು. ಎರಡು ವರ್ಷ ಅವಳಿಗೆ ಪಾಠ ಹೇಳಿದವಳು ನಾನು. ಹಾಸ್ಟೆಲ್ಲಿನ ಬಚ್ಚಲುಮನೆಯ ಗೋಡೆಗೆ ಇಂಗ್ಲಿಷ್ ಪದಗಳ ಪಟ್ಟಿ ಅಂಟಿಸಿದ್ದೆವು. ಗಡಿಯಾರದ ಅಲಾರಾಮು ಜೋರಾಗಿ ಕೇಳಲೆಂದು ಅದನ್ನು ಹಿತ್ತಾಳೆ ಕೊಳಗದೊಳಗಿಟ್ಟು, ಅದು ಹೊಡೆಯುವುದರೊಳಗೆ ಲೆಕ್ಕ ಮುಗಿಸುತ್ತಿದ್ದಳು. ಗೊತ್ತಿಲ್ಲದ್ದನ್ನು ಊಹಿಸಬೇಡ, ತಪ್ಪಿಗೆ ಕಾಲು ಅಂಕ ಹೋಗುತ್ತದೆ, ಬಿಟ್ಟುಬಿಡು ಎಂದು ಸಾವಿರ ಸಲ ಹೇಳಿದ್ದೆ. ಬಿಡಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ.

ಜನವರಿಯ ಆ ಶನಿವಾರ ಅಕ್ಕನ ಮನೆಗೆಂದು ಹೇಳಿ ಬೆಂಗಳೂರಿಗೆ ಹೋದೆ. ಪರೀಕ್ಷೆ ಬರೆಯಲು ಹೋದದ್ದಲ್ಲ. ಬದುಕಿದ್ದರೆ ಅವಳು ಅಲ್ಲಿಗೆ ಬಂದೇ ಬರುತ್ತಾಳೆ ಎಂಬುದೊಂದೇ ಯೋಚನೆ. ಟಿಕೆಟ್ಟು ನನ್ನ ಹತ್ತಿರವಿರುವುದು ಅವಳಿಗೆ ಗೊತ್ತು. ಗೇಟಿನ ಹತ್ತಿರ ಎರಡು ಗಂಟೆ ನಿಂತೆ. ಬರಲಿಲ್ಲ. ಒಳಗೆ ಹಾಜರಿ ಕರೆಯುವುದು ಶುರುವಾಯಿತು.

ಹನ್ನೆರಡು ವರ್ಷದ ಹಿಂದೆ ನನಗೂ ಒಂದು ಪತ್ರ ಬಂದಿತ್ತು, ಇಂಗ್ಲೆಂಡಿನಿಂದ. ತಂದೆಯವರು ಅದಕ್ಕೆ ತಾವೇ ಉತ್ತರ ಬರೆದು ಹಾಕಿದರು. ಅದನ್ನು ನೆನೆದು ಒಳಗೆ ಹೋದೆನೆಂದರೆ ಸುಳ್ಳಾಗುತ್ತದೆ. ಏನನ್ನೂ ನೆನೆಯಲಿಲ್ಲ. ಅವಳ ಹೆಸರನ್ನು ಒಂದು ಸಲ ಕರೆದರು, ಯಾರೂ ಹೇಳಲಿಲ್ಲ. ಎರಡನೆಯ ಸಲ ಕರೆದರು. ಮೇಲ್ವಿಚಾರಕರ ಪೆನ್ನು ಗೈರುಹಾಜರಿ ಗುರುತು ಹಾಕಲು ಇಳಿಯುವುದನ್ನು ಬಾಗಿಲಿಂದ ನೋಡಿದೆ. "ಪ್ರೆಸೆಂಟ್" ಎಂದು ಯಾರೋ ಹೇಳಿದರು. ಆ ದನಿ ನನ್ನದಾಗಿತ್ತು.

ಇಷ್ಟನ್ನೂ ಹೇಳಿದೆ. ಹೇಳುವಾಗ ಅಳು ಬರಲಿಲ್ಲ.

ನಂಜಪ್ಪನವರು ಕಡಲೆಕಾಯಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು. "ಕೇಳಿಸ್ಕಂಡ್ರಾ ಮೇಷ್ಟ್ರೇ? ನೀವು ಕೇಳ್ದೋರು ನಿಂತವ್ರೆ. ಈಗ ಈ ಕಾಗದ ರದ್ದಿ. ಒಳೆ ತಾವ ಏನಾಯ್ತು, ಅದೇಳಿ."

ಬಿಸಿಲು ಮೇಜಿನಿಂದ ಜಾರಿ ಗೋಡೆಗೆ ಏರಿತ್ತು. ವಿಮಲಕುಮಾರ ಸ್ಟೂಲು ಎಳೆದುಕೊಂಡು ಕೂತ.

"ನಾನು ಮುಟ್ಟಲಿಲ್ಲ ಅವಳನ್ನ," ಎಂದ.

ಅವಳು ಆ ದಿನ ಮದುವೆ ಬೇಡವೆಂದು ಹೇಳಲು ಬಂದಿದ್ದಳಂತೆ. ಬಗಲಲ್ಲಿ ಬಟ್ಟೆಯ ಚೀಲ. ಅದರಲ್ಲಿ ಅವಳ ಕಾಲೇಜಿನ ಅಂಕಪಟ್ಟಿಗಳು, ಡಿಗ್ರಿಯ ಸರ್ಟಿಫಿಕೇಟು, ಎಲ್ಲ ಅಸಲು. ಅಮೆರಿಕದ ಕಾಲೇಜಿಗೆ ಅರ್ಜಿಯ ಜೊತೆ ಕಳಿಸುವ ನಕಲುಗಳಿಗೆ ಅವನ ಹೆಡ್‌ಮಾಸ್ತರರಿಂದ ರುಜು ಹಾಕಿಸಿಕೊಡಲು ಸಾಧ್ಯವೇ ಎಂದೂ ಅದೇ ಉಸಿರಿನಲ್ಲಿ ಕೇಳಿದಳಂತೆ. ಅವನಿಗೆ ಅದೇ ತಡೆಯಲಾಗಲಿಲ್ಲ. ಬೇಡವೆಂದದ್ದಕ್ಕಿಂತ, ಆಮೇಲೆ ಸಹಜವಾಗಿ ರುಜು ಕೇಳಿದ್ದು.

"ಚೀಲ ಕಿತ್ಕೊಂಡು ಹೊಳೆಗೆ ಎಸೆದೆ. ಕಾಗದ ಎಸೆದದ್ದು ಸಾರ್, ಅಷ್ಟೇ. ಅವಳು ನನ್ನ ಒಂದು ಮಾತು ಬಯ್ಯಲಿಲ್ಲ. ಚಪ್ಪಲಿ ಬಿಟ್ಲು, ಕನ್ನಡಕ ತೆಗೆದು ಮಡಿಸಿಟ್ಲು, ಇಳಿದ್ಲು. ಸೊಂಟದವರೆಗೆ ಹೋದ್ಲು. ಚೀಲ ಸಿಕ್ಕಿತು ಕೈಗೆ, ಎತ್ತಿ ತೋರಿಸಿದ್ಲು. ಆಮೇಲೆ ಕಾಣಲಿಲ್ಲ."

"ನೀವು?"

"ನಿಂತಿದ್ದೆ."

ನಂಜಪ್ಪನವರು ಕಣ್ಣು ಮುಚ್ಚಿ ತೆರೆದರು. ಚೀಲ ಎತ್ತಿ ತೋರಿಸಿದ ಕೈ ನನಗೆ ಕಂಡಿತು. ಗೊತ್ತಿಲ್ಲದ್ದನ್ನು ಬಿಡು ಎಂದಾಗಲೆಲ್ಲ ಬಿಡದೆ ಪೆನ್ಸಿಲು ಹಿಡಿದೇ ಇರುತ್ತಿದ್ದ ಕೈ.

ಹಾಗಾದರೆ ಮುಗಿಯಿತು, ಮರುದೇವಮ್ಮನವರಿಗೆ ನಾನೇ ಹೋಗಿ ಹೇಳಬೇಕು ಎಂದುಕೊಂಡೆ. ನಾಳೆ ಬೆಳಿಗ್ಗೆಯ ಮೊದಲ ಬಸ್ಸು.

"ಅದಕ್ಕೇ ಅಮ್ಮಾವ್ರ ಕಂಡು ಎದ್ರುಕಂಡ್ರಿ," ಎಂದರು ನಂಜಪ್ಪನವರು. "ಇಂದ್ಲಿಂದ ನೋಡಿ ಅವಳೇ ಅಂದ್ಕಂಡ್ರಿ."

ವಿಮಲಕುಮಾರ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಎರಡು ತಿಂಗಳು ಒಬ್ಬನೇ ಹೊತ್ತದ್ದನ್ನು ಯಾರಿಗಾದರೂ ಕೊಟ್ಟುಬಿಡುವ ಆತುರವಿತ್ತು.

"ಇಲ್ಲ ಸಾರ್. ಮಿಸ್ ಅಂತ ನಂಗೆ ಆವತ್ತೇ ಗೊತ್ತಾಯ್ತು. ಅವರ ದನಿ ಗೊತ್ತಿಲ್ವಾ ನಂಗೆ? ಹೇಳಿದ್ರೆ ಅಂಕಪಟ್ಟಿ ಬರ್ತಿರ್ಲಿಲ್ಲ, ಅದಕ್ಕೇ ಸುಮ್ಮನಿದ್ದೆ. ನಾನು ಎದ್ದು ಹೋದದ್ದು ಅವರನ್ನ ನೋಡಿ ಅಲ್ಲ."

"ಮತ್ತೆ?"

"ನಾನು ಕೂತಿದ್ದು ಮುಂದಿನ ಬೆಂಚು, ಬಾಗಿಲ ಪಕ್ಕ. ಮಿಸ್ ಹಾಜರಿ ಹೇಳಿ ಹಿಂದೆ ಹೋಗಿ ಕೂತ್ರು. ಆಗ ಬಾಗಿಲಲ್ಲಿ ಒಬ್ಬಳು ಬಂದು ನಿಂತ್ಲು. ಓಡಿ ಬಂದವಳ ಹಾಗೆ ಏದುಸಿರು ಬಿಡ್ತಿದ್ಲು. ಕನ್ನಡಕ ಇರ್ಲಿಲ್ಲ. ಕಣ್ಣು ಕಿರಿದು ಮಾಡಿ ಒಳಗೆ ಹುಡುಕಿದ್ಲು. ಹಾಜರಿ ತೆಗೆಯೋ ಸಾಹೇಬರು ಇನ್ನೊಂದು ಸಲ ಪಟ್ಟಿ ನೋಡಿ, ತ್ರಿಶಲಾ ಹಾಜರ್ ಅಲ್ವೇ ಅಂತ ಕೇಳಿದ್ರು. ಮಿಸ್ ಹಿಂದಿಂದ ಹೌದು ಅಂದ್ರು." ಅವನು ಕೊಠಡಿಯ ಬಾಗಿಲ ಕಡೆ ನೋಡಿದ. "ಅವಳು ಅದನ್ನ ಕೇಳಿಸ್ಕೊಂಡ್ಲು. ಸ್ವಲ್ಪ ಹೊತ್ತು ನಿಂತ್ಲು. ಅಲ್ಲಿದ್ದ ಜವಾನನ ಕೈಗೆ ಏನೋ ಕೊಟ್ಟು ತಿರುಗಿ ಹೋದ್ಲು. ನಂಗೆ ಕಾಲು ಕೈ ಆಡ್ಲಿಲ್ಲ. ಗಂಟೆ ಹೊಡೆದ ಮೇಲೆ ಓಡಿದೆ. ದಿಕ್ಕು ತಪ್ಪಿ ಓಡಿದ್ದು, ಹುಡುಕೋಕಲ್ಲ. ಸತ್ತವಳು ಅಂದ್ಕೊಂಡೆ. ಇವತ್ತಿಗೂ ಹಾಗೇ ಅಂದ್ಕೊಳ್ತೀನಿ."

"ಸುಳ್ಳು ಯೋಳ್ತಿದೀಯ," ಎಂದರು ನಂಜಪ್ಪನವರು, ಮೊದಲ ಸಲ ಏಕವಚನದಲ್ಲಿ. "ತಪ್ಪಿಸ್ಕಳಾಕೆ ಕತೆ ಕಟ್ತಿದೀಯ. ಅಮ್ಮಾವ್ರೇ, ಇದ್ನ ನಂಬ್ಬ್ಯಾಡಿ."

ನಾನು ಚೀಲದೊಳಗೆ ಕೈ ಹಾಕಿದ್ದೆ.

ಮೊದಲ ಭಾಗ ನಡೆಯುತ್ತಿದ್ದಾಗ ಜವಾನ ಬೆಂಚುಗಳ ನಡುವೆ ಬಂದು, ಒಂದು ಪೆನ್ಸಿಲನ್ನು ನನ್ನ ಮುಂದಿಟ್ಟಿದ್ದ. "ತ್ರಿಶಲಾ ಅವರಿಗಂತೆ" ಎಂದು ಪಿಸುಗುಟ್ಟಿದ್ದ. ಸಿಕ್ಕಿಬೀಳುವ ಹೆದರಿಕೆಯಲ್ಲಿ ನಾನು ಮುಖವೆತ್ತಲಿಲ್ಲ. ನನ್ನ ಚೀಲದಿಂದಲೇ ಬಾಗಿಲಲ್ಲಿ ಬಿದ್ದಿರಬೇಕು, ಯಾರೋ ಎತ್ತಿ ಕೊಟ್ಟಿದ್ದಾರೆ, ಅವಳದೊಂದು ಪೆನ್ಸಿಲು ನನ್ನಲ್ಲಿ ಹೇಗೋ ಉಳಿದಿತ್ತು ಎಂದುಕೊಂಡೆ. ಹಾಗೆಂದುಕೊಂಡು ಎರಡು ತಿಂಗಳು ಬದುಕಿದೆ.

ಜವಾನನ ವಿಷಯವನ್ನು ನಾನು ಇವತ್ತು ಈ ಕೊಠಡಿಯಲ್ಲಿ ಹೇಳಿರಲಿಲ್ಲ. ಯಾರಿಗೂ ಎಂದೂ ಹೇಳಿರಲಿಲ್ಲ.

ಪೆನ್ಸಿಲನ್ನು ಅಂಕಪಟ್ಟಿಯ ಪಕ್ಕದಲ್ಲಿಟ್ಟೆ. ಎರಡು ತುದಿಯೂ ಚೂಪು, ಬ್ಲೇಡಿನ ಹೊಸ ಕೆತ್ತನೆ. ವಿಮಲಕುಮಾರ ಅದನ್ನು ನೋಡಿ ಸ್ಟೂಲಿನಿಂದ ಹಿಂದಕ್ಕೆ ಸರಿದ.

ನಂಜಪ್ಪನವರು ಅದನ್ನು ಮುಟ್ಟಲಿಲ್ಲ. ನನ್ನನ್ನು ಒಂದೇ ಮಾತು ಕೇಳಿದರು. "ಒಳಗೆ ಕೂತಿರೋರು ಯಾರು ಅಂತ ಅವ್ಳಿಗೆ ಗೊತ್ತಾಗಿತ್ತಾ ತಾಯೀ?"

ಎರಡು ವರ್ಷ ದಿನಾ ಕೇಳಿದ ದನಿ. ಗೊತ್ತಾಗದೆ ಇರುತ್ತದೆಯೇ? ಅವಳು ನನ್ನನ್ನು ಹುಡುಕಿಕೊಂಡು, ಟಿಕೆಟ್ಟಿಗಾಗಿ ಅಷ್ಟು ದೂರ ಬಂದಿದ್ದಳು. ಅವಳ ಹೆಸರಿಗೆ ನಾನು ಹೌದೆಂದು ಹೇಳುವುದನ್ನು ಬಾಗಿಲಲ್ಲಿ ನಿಂತು ಕೇಳಿದಳು. ಕೇಳಿ, ತನ್ನ ಪೆನ್ಸಿಲನ್ನು ನನಗೆ ಕಳಿಸಿ, ಹೊರಟುಹೋದಳು.

ಹೊರಗೆ ಸೂರ್ಯ ಮುಳುಗಿದ್ದ. ಚನ್ನರಾಯಪಟ್ಟಣದಲ್ಲಿ ಈಗ ಮರುದೇವಮ್ಮ ಆ ತಟ್ಟೆಯನ್ನು ಎತ್ತುತ್ತಿರುತ್ತಾರೆ.